ಚಿಗವ್ವ ‘ಹಂಗ’ ಬಂದ ದಿನ

ಧಾರವಾಡದಲ್ಲಿ ಎಲ್ಲರಿಗಿಂತ ಶ್ರೀಮಂತರು ಯಾರು ಎಂದು ಯಾರಾದರೂ ನನ್ನನ್ನು ಕೇಳಿದರೆ, ಹಿಂದೆ ಮುಂದೆ ನೋಡದೆ ‘ನಮ್ಮ ಚಿಗವ್ವ’ ಎಂದುಬಿಡುತ್ತೇನೆ. ಆದರೆ ಆ ಮಾತು ನಂಬಿ ಅವಳ ಬಂಗಲೆ ನೋಡಲು ಯಾರೂ ಕೆಲಗೇರಿಗೆ ಹೋಗಬಾರದು. ಹೋದವರು ಬಂದು ನನ್ನನ್ನು ಬೈದಾರು! ಕೆರೆಯ ಹತ್ತಿರದ ಎರಡು ಕೋಣೆಯ ಆ ಮನೆಯಲ್ಲಿ ಇರುವ ಕುರ್ಚಿ ಒಂದೇ ಒಂದು.

“ಚಿಗವ್ವ, ಇನ್ನೊಂದು ಕುರ್ಚಿ ತಗೋಬಾರದೇನ?” ಎಂದು ಒಮ್ಮೆ ಕೇಳಿದೆ.

“ಯಾಕವಾ? ನನಗಿರೋದು ಒಂದ ಮೈ.”

“ಮಂದಿ ಬಂದ್ರ?”

“ಮಂದಿ ಕುರ್ಚಿ ಮ್ಯಾಲ, ನಾ ನೆಲದ ಮ್ಯಾಲ.”

“ಇಬ್ಬರು ಬಂದ್ರ?”

“ಇಬ್ಬರೂ ನೆಲದ ಮ್ಯಾಲ. ನೆಲಕ್ಕೇನ ಬರ ಬಂದೈತೇನ?”

ಇಂಥವಳ ಜೊತೆ ವಾದ ಮಾಡಿ ಗೆದ್ದವರು ಯಾರಿದ್ದಾರೆ?

ಚಿಗವ್ವ ಎಂದರೆ ನನ್ನ ಅವ್ವನ ತಂಗಿ. ಮದುವೆಯಾಗಲಿಲ್ಲ. ಧಾರವಾಡದ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದಳು. ನಲವತ್ತಾರನೆಯ ವರ್ಷದಲ್ಲಿ ಒಂದು ಸೋಮವಾರ ಎದ್ದು, ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಆಫೀಸಿಗೆ ಹೋದವಳೇ ಸಾಹೇಬರ ಮೇಜಿನ ಮೇಲೆ ರಾಜೀನಾಮೆ ಇಟ್ಟಳು. ಅವರಿಗೆ ಗಾಬರಿ.

“ಬ್ಯಾರೆ ಕಡೆ ನೌಕರಿ ಸಿಕ್ಕತೇನ್ರಿ ಬಾಯಾರ?”

“ಇಲ್ರಿ ಸಾಹೇಬ್ರ. ಸಾಕಾತ್ರಿ.”

“ಕೆಲಸ ಸಾಕಾತೇನು?”

“ಕೆಲಸ ಅಲ್ರಿ. ರೊಕ್ಕ ಸಾಕಾತು.”

ಕೆಲಸ ಸಾಕಾಯಿತು ಎನ್ನುವವರು ಊರ ತುಂಬ ಇದ್ದಾರೆ. ಗಂಡ ಸಾಕಾದ, ಅತ್ತೆ ಸಾಕಾದಳು ಎನ್ನುವವರೂ ಇದ್ದಾರೆ. ರೊಕ್ಕ ಸಾಕಾಯಿತು ಎಂದವರನ್ನು ಆ ಸಾಹೇಬರು ಕಂಡಿರಲಿಲ್ಲವಂತೆ. ಹಿಂಬದಿಯ ಬಾಗಿಲಿನಿಂದ ಜವಾನನನ್ನು ಕಳಿಸಿ, “ಅವರ ಮನ್ಯಾಗ ಎಲ್ಲಾ ಆರಾಮ ಐತೇನ ನೋಡಿ ಬಾ” ಎಂದರಂತೆ! ಮನೆಯಲ್ಲಿ ಇರುವವಳು ಇವಳೊಬ್ಬಳೇ. ಇವಳೇ ಆಫೀಸಿನಲ್ಲಿ ಕೂತಿದ್ದಾಳೆ. ಆ ಜವಾನ ಕೆಲಗೇರಿಯವರೆಗೆ ಹೋಗಿ ಕೀಲಿ ಹಾಕಿದ ಬಾಗಿಲು ನೋಡಿ, “ಏನೂ ಗದ್ದಲಿಲ್ರಿ, ಶಾಂತ ಐತಿ” ಎಂದು ವರದಿ ಒಪ್ಪಿಸಿದ.

ಬಳಗದವರೆಲ್ಲ ಸೇರಿ ಬುದ್ಧಿ ಹೇಳಿದರು. ಕೆಲಸದಿಂದ ತೆಗೆದುಹಾಕಿದ್ದಾರೆ, ಹೇಳಿಕೊಳ್ಳಲು ನಾಚಿಕೆ ಎಂದು ಕೆಲವರು ಮರುಗಿದರು. ಚಿಗವ್ವ ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು. “ಮನಿ ಸಣ್ಣದಿದ್ರೂ ನಂದು. ಬ್ಯಾಂಕಿನ್ಯಾಗ ಇಟ್ಟದ್ದರ ಬಡ್ಡಿ ಬರ್ತೈತಿ, ಅದರಾಗ ರೊಟ್ಟಿ, ಪಲ್ಲೆ, ಔಷಧ, ವರ್ಷಕ್ಕೆರಡು ಸೀರಿ ಆಗತಾವ. ಇನ್ನ ಹದಿನೈದು ವರ್ಷ ಟೈಪ್ ಕುಟ್ಟಿ ಏನ, ಎರಡು ಹೊಟ್ಟಿ ಕಟಗೊಳ್ಳಲೇನ?”

ಈಗಿನವರು ಇದಕ್ಕೆ ಏನೇನೋ ದೊಡ್ಡ ಹೆಸರು ಇಟ್ಟು ಮೊಬೈಲಿನಲ್ಲಿ ಪಾಠ ಹೇಳುತ್ತಾರೆ ಎಂದು ನಮ್ಮ ಮನೆಯವರು ಹೇಳುತ್ತಿರುತ್ತಾರೆ. ಚಿಗವ್ವನ ಕಡೆ ಅದಕ್ಕೆ ಇದ್ದದ್ದು ಎರಡೇ ಶಬ್ದ: ‘ಹಂಗು ಬ್ಯಾಡ.’

ಇಲ್ಲಿ ನಮ್ಮ ಸೀಮೆಯ ಒಂದು ಚಮತ್ಕಾರ ಹೇಳಬೇಕು. ನಮ್ಮಲ್ಲಿ ‘ಹಂಗ’ ಎಂದರೆ ಹಾಗೆ, ಸುಮ್ಮನೆ, ಕಾರಣವಿಲ್ಲದೆ. ‘ಹಂಗು’ ಎಂದರೆ ಇನ್ನೊಬ್ಬರ ಋಣ, ತಲೆ ಎತ್ತದಂತೆ ಮಾಡುವ ಭಾರ. ನಡುವೆ ಇರುವುದು ಒಂದು ಕೊಂಬಿನಷ್ಟು ಅಂತರ. ನಾನು ಪ್ರೀತಿಯಿಂದ, “ತಗೋ ಚಿಗವ್ವ, ಹಂಗ ಕೊಟ್ಟೇನಿ” ಎಂದರೆ ಅವಳು ಕೈ ಹಿಂದೆ ತೆಗೆದುಕೊಂಡು, “ಹಂಗ ಕೊಟ್ಟದ್ದ ಹಂಗಾಗತೈತಿ ನೋಡ!” ಎನ್ನುವಳು.

ಯಾರ ಮನೆಗೆ ಹೋದರೂ ಕೈಚೀಲದಲ್ಲಿ ಅವಳದೇ ನೀರಿನ ಬಾಟಲಿ, ಅವಳದೇ ಚುರುಮುರಿ. ಬಹಳ ಬಲವಂತ ಮಾಡಿ ಚಹಾ ಕುಡಿಸಿದಿರೋ, ಮುಂದಿನ ಸಲ ಕಾಗದದ ಪುಡಿಕೆಯಲ್ಲಿ ಸಕ್ಕರೆ ತಂದು ನಿಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟುಹೋಗುವಳು. ಒಂದು ಬೇಸಿಗೆಯಲ್ಲಿ ನಾನು ಡಬ್ಬಿಯ ತುಂಬ ಮಾವಿನ ಉಪ್ಪಿನಕಾಯಿ ಕೊಟ್ಟು ಕಳಿಸಿದೆ. ಮಂದಿ ಕೊಟ್ಟ ಡಬ್ಬಿಯನ್ನು ಖಾಲಿ ತಿರುಗಿಸಬಾರದು ಎಂಬ ರೂಢಿ ನಮ್ಮಲ್ಲಿದೆಯಲ್ಲ, ಅವಳು ಮರುದಿನವೇ ಅದರ ತುಂಬ ಶೇಂಗಾ ಚಟ್ನಿ ತಂದಳು. ನಾನು ಬಿಡುವೆನೇ? ಚಕ್ಕಲಿ ತುಂಬಿದೆ. ಅವಳು ಗುರೆಳ್ಳು ಚಟ್ನಿ ತುಂಬಿದಳು. ನಾನು ಕರದಂಟು, ಅವಳು ಅಗಸಿ ಚಟ್ನಿ. ನಮ್ಮ ಮನೆಯವರು ಕಡೆಗೆ ಡಬ್ಬಿಯನ್ನೇ ಎತ್ತಿ ಅಟ್ಟದ ಮೇಲಿಟ್ಟು, “ಹುಬ್ಬಳ್ಳಿ-ಧಾರವಾಡ ಬಸ್ಸು ಸುದ್ಧಾ ಇಷ್ಟು ಟ್ರಿಪ್ ಹೊಡ್ಯಂಗಿಲ್ಲ. ಇದಕ್ಕ ರಿಟೈರ್ಮೆಂಟ್ ಕೊಡ್ರಿ” ಎಂದರು.

ಹಾಗೆಂದು ಅವಳನ್ನು ಜಿಪುಣಿ ಎಂದರೆ ನಾನು ಒಪ್ಪುವುದಿಲ್ಲ. ಜಿಪುಣರಿಗೆ ಇದ್ದದ್ದು ಕಳೆದೀತೆಂಬ ಹೆದರಿಕೆ. ಇವಳಿಗೆ ಬೇಡವಾದದ್ದು ಬಂದೀತೆಂಬ ಹೆದರಿಕೆ! ಒಮ್ಮೆ ಹುಬ್ಬಳ್ಳಿಯ ದೊಡ್ಡ ಸೀರೆ ಅಂಗಡಿಗೆ ಅವಳನ್ನು ಎಳೆದುಕೊಂಡು ಹೋದೆ. ಬಿಳಿ ಗಾದಿಯ ಮೇಲೆ ಅಂಗಡಿಯವನು ಒಂದರ ಮೇಲೊಂದು ಮೂವತ್ತು ಸೀರೆ ಬಿಚ್ಚಿ ಹಾಸಿದ. ಚಿಗವ್ವ ಒಂದೊಂದನ್ನೂ ಮುಟ್ಟಿ, ಸೆರಗು ನೋಡಿ, ನೇಯ್ದವರ ಕೈ ಹೊಗಳಿ, ಕೊನೆಗೆ ಎರಡೂ ಕೈ ಮುಗಿದಳು. “ಭಾಳ ಚಂದ ಅದಾವ್ರಿ ಅಣ್ಣಾರ. ಇಲ್ಲೇ ಇರ್ಲಿ. ನೋಡಬೇಕು ಅನಿಸಿದಾಗ ಬಂದು ನೋಡಿ ಹೋಗ್ತೇನಿ.”

ಪಾಪ, ಆ ಮನುಷ್ಯ ನಗಬೇಕೋ ಅಳಬೇಕೋ ತಿಳಿಯದೆ, “ಬಾಯಾರ, ಇದು ಅಂಗಡಿ ಅದ ರೀ” ಎಂದ.

“ಗೊತ್ತೈತ್ರಿ. ಗುಡಿ ಆಗಿದ್ರ ದಿನಾ ಬರ್ತಿದ್ದೆ.”

ನಾನು ದಾರಿಯುದ್ದಕ್ಕೂ ಸಿಟ್ಟಿನಿಂದ ಮುಖ ತಿರುವಿಕೊಂಡು ಕೂತೆ. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು, ನಾನು ಕೊಂಡ ಸೀರೆಯನ್ನು ಮೈಮೇಲೆ ಹಿಡಿದು ನೋಡಿದಾಗ ನನ್ನ ಮುಖದಲ್ಲಿ ಇಲ್ಲದ ಒಂದು ಗೆಲುವು ಬರಿಗೈಯಲ್ಲಿ ಹೋದ ಅವಳ ಮುಖದಲ್ಲಿತ್ತು ಎನ್ನಿಸಿತು. ಅನ್ನಿಸಿದ್ದನ್ನು ಅವಳಿಗೆ ಹೇಳಲಿಲ್ಲ. ನಮಗೂ ಒಂದು ಮಾನವಿದೆಯಲ್ಲ!

ಅಡುಗೆಗೆ ಅಕ್ಕಿ ಅಳೆಯುವಾಗ ಮೊದಲು ಒಂದು ಹಿಡಿ ತೆಗೆದು ಮಠದ ಡಬ್ಬಿಗೆ ಹಾಕುವುದು ನಮ್ಮ ಮನೆತನದ ಪದ್ಧತಿ. ನಾನು ಮದುವೆಯಾಗಿ ಬಂದಂದಿನಿಂದ ಒಂದು ದಿನವೂ ತಪ್ಪಿಸಿಲ್ಲ. ಚಿಗವ್ವನ ಸಂಬಳಕ್ಕೂ ಅದೇ ಪದ್ಧತಿ ಇತ್ತಂತೆ. ಆದರೆ ಅವಳು ತೆಗೆಯುತ್ತಿದ್ದುದು ಎರಡು ಹಿಡಿ. “ಒಂದು ದೇವರಿಗೆ, ಒಂದು ನಾಳಿನ ನನಗ. ಉಳಿದದ್ದರಾಗ ಇವತ್ತಿನ ನಾ” ಎನ್ನುತ್ತಿದ್ದಳು. ಒಂದು ಸಲ ನನಗೂ ಉಪದೇಶ ಮಾಡಿದಳು.

“ನೀನೂ ನಿಂದು ಅಂತ ಒಂದು ಡಬ್ಬಿ ಇಡವಾ. ಕರ್ಪೂರ ತರಾಕೂ ಗಂಡನ ಅಂಗಿ ಕಿಸೆ ನೋಡ್ತಿ.”

“ದೇವರ ಡಬ್ಬಿ ಪಕ್ಕದಾಗ ನನ್ನ ಡಬ್ಬಿ? ಪಾಪ ಬರೂದಿಲ್ಲೇನ?”

“ದೇವರಿಗೆ ಹೊಟ್ಟಿಕಿಚ್ಚಿಲ್ಲವಾ. ಮಂದಿಗೆ ಇರ್ತೈತಿ.”

ಈ ಹಂಗಿನ ಹೆದರಿಕೆ ಅವಳಿಗೆ ಎಲ್ಲಿಂದ ಹತ್ತಿತು ಎಂದು ಕೇಳಿದ್ದಕ್ಕೆ ಅವಳು ಉತ್ತರ ಕೊಟ್ಟದ್ದು ಒಂದೇ ಬಾರಿ. ಅಜ್ಜ ತೀರಿಕೊಂಡ ಮೇಲೆ, ನೌಕರಿ ಸಿಗುವ ಮೊದಲು, ಮೂರು ವರ್ಷ ಅಣ್ಣ-ಅತ್ತಿಗೆಯ ಮನೆಯಲ್ಲಿದ್ದಳು. ಅಲ್ಲಿ ಯಾರೂ ಕೆಟ್ಟವರಲ್ಲ, ಒಂದು ಕೆಟ್ಟ ಮಾತೂ ಆಡಿದವರಲ್ಲ. “ನಾ ಹೊರಗಿನ ಖೋಲ್ಯಾಗ ಕುಂತಿರ್ತಿದ್ದೆ. ಒಳಗ ವೈನಿ ರೊಟ್ಟಿ ಬಡಿಯೋ ಸಪ್ಪಳ ಕೇಳ್ತಿತ್ತು. ನಾ ಎಣಿಸ್ತಿದ್ದೆ. ಐದು ಮಂದಿಗೆ ಹತ್ತು ರೊಟ್ಟಿ. ಹತ್ತು ಆದ ಮ್ಯಾಲ ವೈನಿ ಜರಾ ತಡದು, ಉಸಿರು ಬಿಟ್ಟು, ಹನ್ನೊಂದನೇದು ಬಡೀತಿದ್ರು. ಆ ತಡಿಯೋದು ಐತಲ್ಲ, ಅದಕ್ಕ ಹಂಗು ಅಂತಾರ.” ಅಷ್ಟು ಹೇಳಿ ಎದ್ದು ಕಸ ಗುಡಿಸಲು ಹೋದಳು. ನಾನು ಮುಂದೆ ಕೇಳಲಿಲ್ಲ.

ಕೇಳಿದ್ದರೆ, ಕೇಳಿದ್ದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೆ, ಶ್ರಾವಣದ ಆ ಸೋಮವಾರ ನನ್ನ ಕಿವಿಯಾದರೂ ತೆರೆದಿರುತ್ತಿತ್ತೋ ಏನೋ.

ಹೋದ ವರ್ಷದ ಮಾತು. ಶ್ರಾವಣದಲ್ಲಿ ನಾನು ಹುಬ್ಬಳ್ಳಿಯ ಗೋಪನಕೊಪ್ಪದ ನಮ್ಮ ಓಣಿಯ ಹೆಣ್ಣುಮಕ್ಕಳ ಜೊತೆ ದಿನಾ ಸಂಜೆ ಮಠಕ್ಕೆ ಪುರಾಣ ಕೇಳಲು ಹೋಗುತ್ತೇನೆ. ಆ ಸಂಜೆಯೂ ಒಳ್ಳೆಯ ಸೀರೆ ಉಟ್ಟು, ಹೂವಿನ ಪರಡಿ ಹಿಡಿದು, ಇನ್ನೇನು ಚಪ್ಪಲಿ ಮೆಟ್ಟಬೇಕು, ಅಷ್ಟರಲ್ಲಿ ಬಾಗಿಲಲ್ಲಿ ಚಿಗವ್ವ! ಮೂರು ಕೆಲಸ ಕೂಡಿಬಾರದೆ ಬಸ್ಸಿಗೆ ರೊಕ್ಕ ಕೊಡದವಳು. ಕೈಯಲ್ಲಿ ಚೀಲವಿಲ್ಲ, ಬಾಟಲಿಯಿಲ್ಲ, ಚುರುಮುರಿಯಿಲ್ಲ.

“ಏನ ಚಿಗವ್ವ, ಹಿಂಗ ಒಮ್ಮಿಂದೊಮ್ಮೆಲೆ?”

“ಏನಿಲ್ಲವಾ. ಹಂಗ ಬಂದೆ.”

“ಹಂಗ? ನೀ? ಹಂಗ ಬಂದಿ?” ಎಂದು ನಾನು ನಕ್ಕಿದ್ದೇ ನಕ್ಕಿದ್ದು. ನಗುತ್ತಲೇ ಚಹಾ ಮಾಡಿದೆ. ಬೇಡ ಎನ್ನಲಿಲ್ಲ. ಕುಡಿದಳು. ಅಷ್ಟೇ ಅಲ್ಲ, ಕಪ್ ಕೆಳಗಿಟ್ಟು, “ಇನ್ನೊಂದರ್ಧಾ ಕಪ್ ಐತೇನ?” ಎಂದಳು! ನಮ್ಮ ಮನೆಯವರು ಪೇಪರು ಕೆಳಗಿಳಿಸಿ ಕನ್ನಡಕದ ಮೇಲಿಂದ ನೋಡಿದರು.

ನಾನು ನಿಂತೇ ಇದ್ದೆ. ಓಣಿಯವರು ಹೊರಗಿನಿಂದ ಕೂಗುತ್ತಿದ್ದರು. ಚಿಗವ್ವ ಅರ್ಧ ಕಪ್ಪನ್ನು ಬಹಳ ಹೊತ್ತು ಕುಡಿದಳು. ಆಮೇಲೆ ಕೇಳಿದಳು, “ನಾಳೆ ನಾಡದ್ದ ನಿನಗ ಪುರಸೊತ್ತ ಇರ್ತೈತೇನ?”

“ಶ್ರಾವಣ ಐತಿ ಚಿಗವ್ವ, ಉಸಿರು ಬಿಡಾಕ ಪುರಸೊತ್ತಿಲ್ಲ. ಯಾಕ?”

“ಏನಿಲ್ಲ. ಹಂಗ ಕೇಳ್ದೆ.”

ಅವಳನ್ನು ಬಸ್ಸಿಗೆ ಬಿಟ್ಟು ನಾವು ಮಠಕ್ಕೆ ಹೋದೆವು. ದಾರಿಯಲ್ಲಿ ನಾನು, “ಇವತ್ತ ನಮ್ಮ ಚಿಗವ್ವ ಪುಕ್ಕಟೆ ಚಹಾ ಕುಡದ್ಲು. ಮಳಿ ಬರ್ತೈತಿ ನೋಡ್ರಿ!” ಎಂದು ಎಲ್ಲರನ್ನೂ ನಗಿಸಿದೆ. ಮಳೆ ಬಂದೇಬಿಟ್ಟಿತು. ಎಲ್ಲರೂ ಮತ್ತೆ ನಕ್ಕರು. ಆ ದಿನ ಪುರಾಣದಲ್ಲಿ, ಹಸಿದು ಬಾಗಿಲಿಗೆ ಬಂದವನನ್ನು ಗುರುತಿಸದೆ ಪೂಜೆಗೆ ಕೂತ ಭಕ್ತನ ಕಥೆ ಬಂತು. ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಎಂಥ ಮೂರ್ಖ ಭಕ್ತನಪ್ಪ ಅವನು ಎಂದು!

ವಾರವಾಯಿತು, ತಿಂಗಳಾಯಿತು, ಸಕ್ಕರೆ ಪುಡಿಕೆ ಬರಲಿಲ್ಲ. “ಚಿಗವ್ವ ಸುಧಾರಿಸ್ಯಾಳ” ಎಂದು ಮನೆಯವರ ಮುಂದೆ ಹೇಳಿ ಹಿಗ್ಗಿದೆ. ಫೋನು ಮಾಡಿದಾಗಲೆಲ್ಲ, “ಆರಾಮದೇನಿ ತಗೋ, ಫೋನಿನ ಚಾರ್ಜು ಮುಗಿತೈತಿ” ಎಂದು ಇಟ್ಟುಬಿಡುತ್ತಿದ್ದಳು. ಅವಳು ಮಾತು ಉಳಿಸುವುದು ಹೊಸದೇನಲ್ಲವಲ್ಲ.

ಕಾರ್ತೀಕದಲ್ಲಿ ಪ್ರಸಾದ ಕೊಡಲೆಂದು ಕೆಲಗೇರಿಗೆ ಹೋದೆ. ಚಿಗವ್ವ ನನ್ನನ್ನು ಕುರ್ಚಿಯ ಮೇಲೆ ಕೂರಿಸಿ ದೇವರ ಮುಂದೆ ದೀಪ ಹಚ್ಚಲು ಹೋದಳು. ಕಡ್ಡಿ ಗೀರಿದಳು, ಬತ್ತಿಯ ಪಕ್ಕ ಹಿಡಿದಳು. ಆರಿತು. ಇನ್ನೊಂದು ಗೀರಿದಳು. ಅದೂ ಪಕ್ಕಕ್ಕೇ. ಒಂದು ಕಡ್ಡಿಯಲ್ಲಿ ದೀಪವನ್ನೂ ಒಲೆಯನ್ನೂ ಹಚ್ಚುತ್ತಿದ್ದವಳು!

“ಏನ ಚಿಗವ್ವ, ಕಡ್ಡಿ ಪೆಟಿಗಿ ಪುಕ್ಕಟೆ ಸಿಕ್ಕೈತೇನ?” ಎಂದು ನಕ್ಕೆ.

ಅವಳು ನಗಲಿಲ್ಲ. “ಗಾಳಿ ಐತಿ” ಎಂದಳು. ಕಿಟಕಿ ಮುಚ್ಚಿತ್ತು.

ಆಮೇಲೆ, “ಹೆಂಗೂ ಬಂದಿ, ಮೂಲಿ ಅಂಗಡ್ಯಾಗಿಂದ ಸಾಮಾನ ತಂದು ಕೊಡ್ತೀಯೇನ?” ಎಂದು ಒಂದು ಚೀಟಿ ಮತ್ತು ನೋಟು ಕೊಟ್ಟಳು. ಎಷ್ಟೋ ವರ್ಷಗಳಲ್ಲಿ ಅವಳು ನನಗೆ ಹೇಳಿದ ಮೊದಲ ಕೆಲಸ. ಚೀಟಿ ಯಾವಾಗಿನಂತೆ ಒಂದು ಕಡೆ ಉಪಯೋಗಿಸಿದ ಕಾಗದದ ಬೆನ್ನು. ಹೊಸ ಕಾಗದದ ಮೇಲೆ ಚಿಗವ್ವ ಬರೆದದ್ದನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಆದರೆ ಟೈಪಿನಂತೆ ನೇರವಾಗಿರುತ್ತಿದ್ದ ಅವಳ ಸಾಲುಗಳು ಒಂದರ ಮೇಲೊಂದು ಹತ್ತಿದ್ದವು. ಸಾಸಿವೆಯ ಮೇಲೆ ಬೆಲ್ಲ ಕೂತಿತ್ತು.

ಅಂಗಡಿಯಲ್ಲಿ ಓದಲಾಗದೆ, ಬೆಳಕಿಗೆ ಹಿಡಿಯೋಣವೆಂದು ಚೀಟಿ ತಿರುವಿದೆ. ಹಿಂದೆ ಕಣ್ಣಿನ ಆಸ್ಪತ್ರೆಯ ಬರಹ. ಎರಡೂ ಕಣ್ಣಿನಲ್ಲಿ ಒತ್ತಡ ಏರಿದೆ, ತಡಮಾಡದೆ ಆಪರೇಷನ್ ಆಗಬೇಕು, ಬರುವಾಗ ಮನೆಯವರೊಬ್ಬರು ಜೊತೆಗಿರಬೇಕು. ಕೆಳಗೆ ತಾರೀಖು. ಅದು ಶ್ರಾವಣದ ಆ ಸೋಮವಾರದ್ದೇ. ಆಸ್ಪತ್ರೆಯಿಂದ ಅವಳು ನೆಟ್ಟಗೆ ನನ್ನ ಮನೆಗೆ ಬಂದಿದ್ದಳು.

ಕಾಗದ ಉಳಿಸುವವಳು ಗುಟ್ಟು ಉಳಿಸಿಕೊಳ್ಳಲಾಗದೆ ಹೋದದ್ದು ಹೀಗೆ. ಅದು ಯಾವ ಕಾಗದ ಎಂಬುದು ಅವಳಿಗೆ ಕಂಡಿರಲಿಲ್ಲ.

ಸಾಸಿವೆ, ಬೆಲ್ಲ ಎಲ್ಲ ಅಲ್ಲೇ ಬಿಟ್ಟು ಓಡಿದೆ.

“ಚಿಗವ್ವ, ಆವತ್ತ ನೀ ಇದಕ್ಕ ಬಂದಿದ್ದೇನ?” ಎಂದು ಚೀಟಿಯನ್ನು ಅವಳ ಕೈಗೆ ಇಟ್ಟೆ. ಅವಳು ಅದನ್ನು ಕಣ್ಣಿನ ಹತ್ತಿರ ಹಿಡಿದು, ಓರೆಯಾಗಿ ತಿರುಗಿಸಿ, ಬಹಳ ಹೊತ್ತಿನ ಮೇಲೆ, “ಥೂ, ಇದರ ಮ್ಯಾಲ ಬರದೆನೇನ” ಎಂದಳು.

“ರೊಕ್ಕ ಇದ್ದಿಲ್ಲೇನ ನಿನ್ನ ಕಡೆ?”

“ರೊಕ್ಕ ಕೇಳಿದ್ರ ಅಲ್ಲೇ ಕೊಟ್ಟು ಮಲಕ್ಕೋತಿದ್ದೆ. ಅವರು ಮನಷ್ಯಾರನ್ನ ಕೇಳಿದ್ರವಾ. ‘ನಿಮ್ಮವರು ಅಂತ ಯಾರರೆ ಒಬ್ಬರನ್ನ ಕರಕೊಂಡ ಬರ್ರಿ, ಸಹಿ ಬೇಕು’ ಅಂದ್ರು. ಎಲ್ಲಾ ಕೂಡಿಸಿಟ್ಟಿದ್ದೆ. ಅದೊಂದು ಲೆಕ್ಕ ಬಿಟ್ಟು ಹೋಗಿತ್ತು ನೋಡ.”

“ಬಾಯಿ ಬಿಟ್ಟು ಹೇಳಬಾರದಿತ್ತೇನ?”

“ಹೇಳಬೇಕಂತ ಬಂದಿದ್ದೆ. ನೀ ಛಲೋ ಸೀರಿ ಉಟಗೊಂಡು ತಯಾರಾಗಿದ್ದಿ.”

ಇಷ್ಟೇ. ಬೈಗುಳವಿಲ್ಲ, ದೂರಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಹನ್ನೊಂದನೆಯ ರೊಟ್ಟಿಗೆ ಅವಳ ವೈನಿ ಅರೆಗಳಿಗೆ ತಡೆದರು. ನಾನು ಮೂರು ತಿಂಗಳು ತಡೆದೆ. ವೈನಿಯಾದರೂ ಕೊನೆಗೆ ರೊಟ್ಟಿ ಬಡಿದರು.

ಮರುದಿನವೇ ಆಸ್ಪತ್ರೆಗೆ ಹೋದೆವು. ಡಾಕ್ಟರು ಪರೀಕ್ಷೆ ಮಾಡಿ, ಕನ್ನಡಕ ತೆಗೆದು, “ಶ್ರಾವಣದಾಗ ಬಂದಿದ್ರ ಎರಡೂ ಉಳಿಸ್ತಿದ್ದೆವ್ರಿ” ಎಂದರು. ಎಡಗಣ್ಣಿನ ಬೆಳಕು ಹೋಗಿಯೇ ಬಿಟ್ಟಿತ್ತು. ಬಲಗಣ್ಣನ್ನಾದರೂ ಹಿಡಿದಿಟ್ಟುಕೊಳ್ಳೋಣ ಎಂದು ಅದರ ಆಪರೇಷನ್ ಗೊತ್ತುಮಾಡಿದರು. ನರ್ಸಮ್ಮ ಕಾಗದ ಚಾಚಿ, “ಪೇಷಂಟಿಗೆ ನೀವು ಏನಾಗಬೇಕ್ರಿ?” ಎಂದಳು. ಹಸಿರು ಟೊಪ್ಪಿಗೆ ಹಾಕಿಕೊಂಡು ಮಲಗಿದ್ದ ಚಿಗವ್ವನೇ ಉತ್ತರ ಕೊಟ್ಟಳು: “ಅಕ್ಕನ ಮಗಳ್ರಿ. ಒಂದೂವರಿ ಕಪ್ ಚಹಾ ಬಾಕಿ ಐತಿ ಆಕಿದು ನನ್ನ ಮ್ಯಾಲ.” ನರ್ಸಮ್ಮ ನಕ್ಕಳು. ನಾನು ಸಹಿ ಮಾಡಿದೆ. ನನ್ನ ಅಕ್ಷರಗಳೂ ಒಂದರ ಮೇಲೊಂದು ಹತ್ತಿದವು.

ನಾನು ಸಣ್ಣ ಸಣ್ಣದಕ್ಕೂ ಶಿವನಿಗೆ ಕೈ ಮುಗಿಯುವವಳು. ಹಾಲು ಉಕ್ಕುವ ಮೊದಲು ನೋಡಿದೆ, ಶಿವಾ, ನಿನ್ನ ದಯೆ. ಬಸ್ಸಿನಲ್ಲಿ ಜಾಗ ಸಿಕ್ಕಿತು, ನಿನ್ನ ದಯೆ. ಬಲಗಣ್ಣು ಉಳಿಯಿತು ಎಂದು ಡಾಕ್ಟರು ಹೇಳಿದಾಗ ಮಾತ್ರ ಕೈ ಏಳಲಿಲ್ಲ. ಉಳಿದದ್ದು ಅವನ ದಯೆ, ಖರೇ. ಹೋದದ್ದು ಯಾರದು? ಅದನ್ನು ಅವನ ತಲೆಗೆ ಕಟ್ಟಲು ನನ್ನ ಭಕ್ತಿಗೂ ಧೈರ್ಯ ಸಾಲಲಿಲ್ಲ.

ನಮ್ಮ ಮನೆಗೆ ಬಾ ಎಂದರೆ ಚಿಗವ್ವ ಬರಲಿಲ್ಲ. ಹೀಗಾಗಿ ನಾನೇ ಹದಿನೈದು ದಿನ ಕೆಲಗೇರಿಯಲ್ಲಿ ಉಳಿದೆ. ಮನೆಯವರು ದಿನಾ ಫೋನು ಮಾಡಿ, ಬೇಳೆಗೆ ಎಷ್ಟು ಸೀಟಿ, ಒಗ್ಗರಣೆಗೆ ಮೊದಲು ಜೀರಿಗೆಯೋ ಸಾಸಿವೆಯೋ ಎಂದು ಕೇಳುತ್ತಿದ್ದರು. “ಇಪ್ಪತ್ತೆಂಟು ವರ್ಷದ ಮ್ಯಾಲ ನಿಮ್ಮ ಯಜಮಾನರಿಗೆ ಸ್ವಾತಂತ್ರ್ಯ ಬಂತು” ಎಂದು ಚಿಗವ್ವ ಮಲಗಿದಲ್ಲಿಂದಲೇ ನಗುತ್ತಿದ್ದಳು.

ಕಣ್ಣಿಗೆ ದಿನಕ್ಕೆ ನಾಲ್ಕು ಸಲ ಔಷಧ. ಒಂದು ಸಲಕ್ಕೆ ಒಂದೇ ಹನಿ. ಮೊದಲ ದಿನವೇ ಶೀಶೆಯ ಬೆಲೆ ಕೇಳಿಕೊಂಡು, ರೊಕ್ಕವನ್ನು ನನ್ನ ಸೆರಗಿಗೆ ಗಂಟು ಹಾಕಿದ್ದಳು. ಬೇಡ ಎನ್ನುವ ಮುಖ ನನಗಿರಲಿಲ್ಲ. ಕೊನೆಯ ದಿನ ಮುಂಜಾನೆ, ಚಾಪೆಯ ಮೇಲೆ ಮಲಗಿದ್ದ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ರೆಪ್ಪೆ ಎಳೆದು ಹನಿ ಬಿಟ್ಟೆ. ಪಕ್ಕದಲ್ಲಿ ಇನ್ನೊಂದು ಕಣ್ಣು ಬಿಚ್ಚಿಕೊಂಡೇ ಇತ್ತು. ನೆಟ್ಟಗೆ ನನ್ನನ್ನೇ ನೋಡುತ್ತಿತ್ತು, ಏನನ್ನೂ ನೋಡುತ್ತಿರಲಿಲ್ಲ.

“ಏ, ಎರಡು ಹನಿ ಬಿತ್ತಲ್ಲ!” ಎಂದಳು ಚಿಗವ್ವ. “ಡಾಕ್ಟರು ಒಂದ ಹೇಳ್ಯಾರ. ತುಟ್ಟಿ ಔಷಧ, ಯಾಕ ದಂಡ ಮಾಡ್ತಿ?”

“ಕೈ ತಪ್ಪಿತು ಚಿಗವ್ವ.”

ಅವಳು ಬೆರಳು ಎತ್ತಿ, ಗಲ್ಲದ ಮೇಲೆ ಬಿದ್ದ ಆ ಎರಡನೆಯ, ಬೆಚ್ಚನೆಯ ಹನಿಯನ್ನು ಮುಟ್ಟಿ ನೋಡಿದಳು. ಒರೆಸಿಕೊಳ್ಳಲಿಲ್ಲ. ನನ್ನ ಕೈ ಎಲ್ಲಿದೆ ಎಂದು ತಡಕಾಡಿ ಹಿಡಿದುಕೊಂಡಳು.

“ಇರ್ಲಿ ಬಿಡು,” ಎಂದಳು. “ಇದರ ರೊಕ್ಕಾ ಮಾತ್ರ ನಾ ಕೊಡಂಗಿಲ್ಲ ನೋಡ.”